ಎಡಗಾಲಿಗೆ ಕೆಲಸವಿಲ್ಲದ ಕಾರು

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ನನ್ನ ಕೈಬರಹ ಅಂದವಾಗಿಲ್ಲ. ದೀರ್ಘ, ಒತ್ತಕ್ಷರ, ಮಹಾಪ್ರಾಣಗಳ ವಿಷಯದಲ್ಲಿ ನನಗೆ ಇಂದಿಗೂ ಅನುಮಾನಗಳಿವೆ. ಅದಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ. ಭಾಲ್ಕಿಯ ಒಂದು ಕಚೇರಿಯಲ್ಲಿ ಟಪಾಲು ವಿಭಾಗ ನೋಡಿಕೊಳ್ಳುವ ನಾನು ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದವಳಲ್ಲ. ಮನೆಯ ದುಃಖವನ್ನು ಬರೆಯಲು ಕುಳಿತರೂ ಕೈ ಅದೇ ರೂಢಿಯಲ್ಲಿ ಸಾಗುತ್ತದೆ. ಆದ್ದರಿಂದ ವಿಷಯವನ್ನು ಮೊದಲು ನಮೂದಿಸುತ್ತೇನೆ: ನನ್ನ ಹಳೆಯ ಸಣ್ಣ ಕಾರಿನ ಗೇರ್‌ಬಾಕ್ಸ್ ಬದಲಾಯಿಸಿದ ಬಗ್ಗೆ, ಹಾಗೂ ಸದರಿ ಕಾರಿನಲ್ಲಿ ನನ್ನ ಅಕ್ಕನನ್ನು ಭಾಲ್ಕಿಗೆ ಕರೆತರಬೇಕಾಗಿದ್ದ ಬಗ್ಗೆ.

ನನ್ನ ಎಡಗಾಲು ಚಿಕ್ಕಂದಿನಲ್ಲಿಯೇ ಪೋಲಿಯೋದಿಂದ ಸೊರಗಿದೆ. ತೊಡೆಯಿಂದ ಹಿಮ್ಮಡಿಯವರೆಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತೇನೆ. ನಮ್ಮ ತವರೂರಾದ ಎಕಂಬಾದಲ್ಲಿ ಕ್ಯಾಲಿಪರ್ ಸಿಗುವುದಕ್ಕೆ ಮೊದಲು ನನ್ನನ್ನು ಶಾಲೆಗೆ ಒಯ್ದವಳು ಅಕ್ಕ. ಮೊದಮೊದಲು ಟೊಂಕದ ಮೇಲೆ, ನನಗೆ ಮೈ ಬಂದ ಮೇಲೆ ಬೆನ್ನ ಮೇಲೆ. ನನ್ನನ್ನು ತರಗತಿಯಲ್ಲಿ ಕೂರಿಸಿ ತಾನು ತೊಗರಿ ಹೊಲಕ್ಕೆ ಹೋಗುತ್ತಿದ್ದಳು. ಅವಳ ಶಾಲೆ ಅಲ್ಲಿಗೇ ನಿಂತಿತ್ತು. ಮುಂದೆ ಅವಳನ್ನು ಔರಾದಿಗೆ ಕೊಟ್ಟರು. ನಾನು ನೌಕರಿ ಹಿಡಿದು ಭಾಲ್ಕಿಗೆ ಬಂದೆ.

ನೌಕರಿ ಕಾಯಂ ಆದ ಮೇಲೆ ಆ ಕಾರು ಕೊಂಡೆ. ಇಬ್ಬರು ಮಾಲೀಕರ ಕೈಯಲ್ಲಿ ಹಳೆಯದಾದ ಸಣ್ಣ ಗಾಡಿ, ಆದರೆ ಆಟೋಮೆಟಿಕ್. ಅದರಲ್ಲಿ ಕ್ಲಚ್ ಇರುವುದಿಲ್ಲ. ಬ್ರೇಕು, ಎಕ್ಸಲರೇಟರು ಎರಡೂ ಬಲಗಾಲಿಗೆ. ಎಡಗಾಲಿಗೆ ಕೆಲಸವೇ ಇಲ್ಲ. ನನ್ನ ಲೈಸೆನ್ಸಿನಲ್ಲಿಯೂ ಅಂಥ ವಾಹನಕ್ಕೆ ಮಾತ್ರ ಅನುಮತಿ ಇದೆ. ಯಾರ ಹೆಗಲನ್ನೂ ಹಿಡಿಯದೆ ಊರಿಂದ ಊರಿಗೆ ಹೋಗುವುದೆಂದರೆ ಏನೆಂದು ನನಗೆ ತಿಳಿದದ್ದು ಆ ಕಾರಿನಲ್ಲಿಯೇ.

ಅಕ್ಕನಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಪ್ರತಿ ಭಾನುವಾರ ಭಾಲ್ಕಿಯಿಂದ ಠಾಣಾ ಕುಶನೂರ ಮಾರ್ಗವಾಗಿ ಔರಾದಿಗೆ ಹೋಗುತ್ತಿದ್ದೆ. ಅವಳ ಮನೆಯ ಓಣಿ ತಿರುಗುವಲ್ಲಿ ಒಂದು ಏರು ಇದೆ. ಅಲ್ಲಿ ಜೀಪು, ಆಟೋ, ಕಾರು ಎಲ್ಲವೂ ಗೇರು ಇಳಿಸಿ ಗುರ್ರೆನ್ನುತ್ತವೆ. ನನ್ನದು ಮಾತ್ರ ಸುಮ್ಮನೆ ಏರುತ್ತಿತ್ತು. ಹಾಸಿಗೆಯಲ್ಲಿದ್ದ ಅಕ್ಕ ಆ ಸದ್ದಿಲ್ಲದ ಸದ್ದಿನಿಂದಲೇ ನನ್ನನ್ನು ಗುರುತಿಸಿ ಭಾವನಿಗೆ ಕೂಗಿ ಹೇಳುತ್ತಿದ್ದಳು: "ನೀರ ಕಾಯಾಕ ಇಡ್ರಿ, ನನ್ ತಂಗಿ ಬಂದ್ಲು. ಬೆಕ್ಕು ಬಂದ್ಹಂಗ ಬರ್ತದ ನೋಡ್ರಿ ಆಕಿ ಗಾಡಿ."

ಆ ಬಿಸಿನೀರಿನಲ್ಲಿ ನಾನು ಅವಳಿಗೆ ಸ್ನಾನ ಮಾಡಿಸುತ್ತಿದ್ದೆ. ಬೇರೆ ಯಾರಿಗೂ ಅವಳು ಮೈ ತೋರಿಸುತ್ತಿರಲಿಲ್ಲ. ಸ್ನಾನವಾದ ಮೇಲೆ ಲಿಂಗಪೂಜೆ. ಶಸ್ತ್ರಚಿಕಿತ್ಸೆಯಾದ ಬಳಿಕ ಅವಳ ಎಡಗೈ ಬಾತುಕೊಂಡು ಮೇಲೇಳುತ್ತಿರಲಿಲ್ಲ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೇ ಪೂಜಿಸಬೇಕಾದುದರಿಂದ ನಾನು ಕೆಳಗಿನಿಂದ ಅವಳ ಕೈಯನ್ನು ಎತ್ತಿ ಹಿಡಿಯುತ್ತಿದ್ದೆ. ಅವಳು ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಕಣ್ಣು ಮುಚ್ಚುತ್ತಿದ್ದಳು.

"ನಿಂದು ಎಡಗಾಲು, ನಂದು ಎಡಗೈ. ಇಬ್ರೂ ಕೂಡಿದ್ರ ಒಬ್ಬಾಕಿ ಗಟ್ಟಿ ಹೆಣ್ಮಗಳು ಆಗ್ತೀವಿ," ಎಂದು ಒಮ್ಮೆ ಪೂಜೆ ಮುಗಿಸಿ ನಕ್ಕಳು.

"ಬಾಯಿ ಮಾತ್ರ ನಿಂದೊಂದೇ ಇರ್ಲಿ, ಸಾಕು," ಎಂದೆ.

ಮಳೆಗಾಲದ ಆರಂಭದಲ್ಲಿ ಬೀದರದ ವೈದ್ಯರು ಇನ್ನು ಕಿಮೋ ಕೊಡುವುದರಿಂದ ಪ್ರಯೋಜನವಿಲ್ಲ, ಮನೆಯಲ್ಲಿ ಆರಾಮವಾಗಿ ಇಡಿ ಎಂದರು. ಅದರ ಅರ್ಥ ಅಕ್ಕನಿಗೆ ತಿಳಿಯಿತು. ಆ ಭಾನುವಾರ ಅವಳು ಒಂದೇ ಬೇಡಿಕೆ ಇಟ್ಟಳು. ನಾನು ಭಾಲ್ಕಿಯಲ್ಲಿ ಕಟ್ಟಿಸಿದ ಎರಡು ಕೋಣೆಯ ಮನೆಯನ್ನು ಅವಳು ನೋಡಿರಲಿಲ್ಲ. ಗೃಹಪ್ರವೇಶದ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿದ್ದಳು.

"ನಿನ್ನ ಮನ್ಯಾಗ ಎಂಟು ದಿನ ಇರ್ತೇನಿ," ಎಂದಳು.

"ನಾಳಿನೇ ಟ್ಯಾಕ್ಸಿ ಹೇಳ್ತೇನಿ," ಎಂದೆ.

"ಬಾಡಿಗಿ ಗಾಡಿ ಬ್ಯಾಡ. ನೀನೇ ಹೊಡ್ಕೊಂಡು ಬಾ. ನಿನ್ನ ಬಾಜೂಕ ಕುಂದ್ರತೇನಿ. ನಾ ನಿನ್ನ ಹೊತ್ತು ತಿರುಗಿದ್ದಕ್ಕ ಒಮ್ಮೆರೆ ನೀ ನನ್ನ ಒಯ್ಯಿ."

ಮುಂದಿನ ಭಾನುವಾರ ಎಂದು ನಿಶ್ಚಯವಾಯಿತು. ಕಚೇರಿಯಲ್ಲಿ ರಜೆ ಕೇಳುವುದೆಂದೂ, ಹಿಂಬಾಗಿಲ ಕೋಣೆಯಲ್ಲಿ ಅವಳಿಗೆ ಮಂಚ ಹಾಕುವುದೆಂದೂ ಯೋಚಿಸುತ್ತ ಆ ಸಂಜೆ ಹಿಂದಿರುಗುತ್ತಿದ್ದೆ. ಠಾಣಾ ಕುಶನೂರ ಇನ್ನೂ ಸ್ವಲ್ಪ ದೂರವಿರುವಾಗ ಎಂಜಿನ್ ತಾನಾಗಿ ನಿಂತಿತು. ಎಷ್ಟು ಬಾರಿ ಚಾವಿ ತಿರುಗಿಸಿದರೂ ಹತ್ತಲಿಲ್ಲ. ಎರಡೂ ಕಡೆ ಸೋಯಾ ಹೊಲ, ಮೇಲೆ ಮೋಡ.

ನಮ್ಮ ಭಾಗದಲ್ಲಿ ದಾರಿಯಲ್ಲಿ ನಿಂತವರನ್ನು ಬಿಟ್ಟು ಮುಂದೆ ಹೋಗುವ ಪದ್ಧತಿ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಗಂಡ ಹೆಂಡತಿ ಇದ್ದ ಒಂದು ಟ್ರ್ಯಾಕ್ಟರ್ ಬಂದು ನಿಂತಿತು.

"ಏನಾಗ್ಯದರಿ ಅಕ್ಕಾರ?"

"ಗಾಡಿ ಬಂದ್ ಬಿದ್ದದರಿ. ಭಾಲ್ಕಿಗಿ ಹೋಗ್ಬೇಕಿತ್ತು."

"ಗಾಡಿ ಬಂದ್ ಬಿದ್ರ ಬೀಳ್ಲಿ, ನಾವೇನ್ ಬಂದ್ ಬಿದ್ದಿಲ್ಲಲ್ಲ," ಎಂದು ಆತ ಆಗಲೇ ಹಗ್ಗ ತೆಗೆದ.

"ಇದು ಆಟೋಮೆಟಿಕ್ ಅದರಿ. ಎಳೀಬಹುದೋ ಇಲ್ಲೋ ನನಗ ಗೊತ್ತಿಲ್ಲ."

"ಗಾಲಿ ಅವ ಇಲ್ಲರಿ? ಗಾಲಿ ಇದ್ದದ್ದೆಲ್ಲಾ ಎಳೀಬಹುದು. ನ್ಯೂಟ್ರಲ್ ಮಾಡಿ ಕುಂದ್ರ್ರಿ."

ಆತನ ಹೆಂಡತಿ ಟ್ರಾಲಿಯಿಂದಲೇ ಗದರಿದಳು: "ಮಾತಾಡ್ಕೋತ ನಿಂದ್ರಬ್ಯಾಡ. ಹೆಣ್ಮಗಳು ಒಬ್ಬಾಕಿ ಅದಾಳ, ಮಳಿ ಬರ್ಲತದ. ಹಗ್ಗ ಕಟ್ಟು ಮೊದ್ಲ!"

ಕುಶನೂರಿನವರೆಗೆ ಮಾತ್ರ ಹೋಗಬೇಕಾಗಿದ್ದ ಅವರು ಭಾಲ್ಕಿಯ ನನ್ನ ಮನೆಯ ಬಾಗಿಲವರೆಗೆ ಎಳೆದು ತಂದರು. ಡೀಸೆಲ್ಲಿಗೆಂದು ಏನನ್ನೂ ತೆಗೆದುಕೊಳ್ಳಲಿಲ್ಲ. ನಾನು ಚಹಾ ಮಾಡಿಕೊಟ್ಟೆ. ಅವರು ಚಹಾ ಕುಡಿಯುವಾಗ ಕಾರಿನ ಮುಂಭಾಗದಿಂದ ಸುಟ್ಟ ವಾಸನೆ ಬರುತ್ತಿತ್ತು. ಹಗ್ಗ ಬಿಗಿದುದರಿಂದ ಇರಬೇಕೆಂದು ಮೂವರೂ ಅಂದುಕೊಂಡೆವು.

ಮರುದಿನ ಭಾಲ್ಕಿಯ ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಪೆಟ್ರೋಲ್ ಪಂಪಿನ ಫ್ಯೂಸ್ ಮಾತ್ರ ಹೋಗಿತ್ತು. ಬೆರಳ ತುದಿಯಷ್ಟು ವಸ್ತು. ಬೇರೆ ಹಾಕಿದ ಕೂಡಲೇ ಎಂಜಿನ್ ಹತ್ತಿತು. ಸಂತೋಷದಿಂದ ಲಿವರ್ ಎಳೆದು ಎಕ್ಸಲರೇಟರ್ ಒತ್ತಿದೆ. ಎಂಜಿನ್ ಕೂಗಿತು. ಕಾರು ಕದಲಲಿಲ್ಲ.

ಟೆಂಪೋದಲ್ಲಿ ಹೇರಿಸಿ ಬೀದರಕ್ಕೆ ಕಳಿಸಿದೆ. ಅಲ್ಲಿಯ ಗ್ಯಾರೇಜಿನ ಮಿಸ್ತ್ರಿ ನಡುವಯಸ್ಸಿನವರು. ಮನೆಯಲ್ಲಿ ದಕ್ಕನಿ ಉರ್ದು, ಗಿರಾಕಿಗಳೊಂದಿಗೆ ಕನ್ನಡ. ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು.

"ಎಳ್ಕೊಂಡು ಬಂದಿದ್ರೇನ್ರಿ ಮೇಡಂ?"

"ಹೌದ್ರಿ. ಕುಶನೂರ ಕಡಿಂದ ಭಾಲ್ಕಿತನಕ."

"ಯಾ ಅಲ್ಲಾ! ಜಲ್ ಗಯಾ. ಒಳಗ ಎಲ್ಲಾ ಸುಟ್ಟದರಿ."

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಎಂಜಿನ್ ತಿರುಗುತ್ತಿದ್ದರೆ ಮಾತ್ರ ಇಂಥ ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಯುತ್ತದೆ. ಎಂಜಿನ್ ಬಂದಾಗಿ ಮುಂದಿನ ಗಾಲಿಗಳು ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗಿ ಸುಟ್ಟುಹೋಗುತ್ತವೆ. ನ್ಯೂಟ್ರಲ್ ಮಾಡಿದರೂ ಅಷ್ಟೇ. ಕಾರನ್ನು ಹೊಲದ ಬದಿಗೆ ಬಿಟ್ಟುಬಂದಿದ್ದರೆ ಒಂದು ಫ್ಯೂಸಿನಲ್ಲಿ ಮುಗಿಯುತ್ತಿತ್ತು. ಆ ಗಂಡ ಹೆಂಡತಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಸುಲಭವಾಗುತ್ತಿತ್ತೇನೋ.

"ಸುಳ್ಳು ಯಾಕ ಹೇಳ್ಲಿ ಮೇಡಂ," ಎಂದರು ಮಿಸ್ತ್ರಿ, "ಇಂಥಾದ್ದು ನಾ ಬಿಚ್ಚಿಲ್ಲ. ಹೈದ್ರಾಬಾದಿಂದ ಆಕ್ಸಿಡೆಂಟ್ ಗಾಡೀದು ತರಸ್ತೇನಿ. ಹಳೇದು ಇಳಿಸಿ ಅದನ್ನ ಏರಸ್ತೇನಿ. ಇಂಜಿನ್ ಇಳಸೂದು ಏರಸೂದು ನಮ್ಗ ದಿನಾ ಕೆಲ್ಸ ಅದ."

ನಿಶ್ಚಯಿಸಿದ್ದ ಭಾನುವಾರ ಗೇರ್‌ಬಾಕ್ಸ್ ಇನ್ನೂ ಹೈದರಾಬಾದಿನಲ್ಲಿತ್ತು. ನಾನು ಬಸ್ಸಿನಲ್ಲಿ ಔರಾದಿಗೆ ಹೋದೆ. ಬಸ್ಸಿನ ಮೆಟ್ಟಿಲು ನನ್ನಂಥವರಿಗೆ ಎತ್ತರ; ಇಬ್ಬರು ತೋಳು ಹಿಡಿದು ಎತ್ತಿದರು. ಅಕ್ಕ ತಲೆ ಬಾಚಿಸಿಕೊಂಡು, ಹೊಸ ಇಳಕಲ್ ಸೀರೆ ಉಟ್ಟು, ಬಟ್ಟೆಯ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದಳು. ಕಾರು ಇಲ್ಲವೆಂದು ಫೋನಿನಲ್ಲಿ ಹೇಳಿದ್ದರೂ ಹಾಗೆ ಕುಳಿತಿದ್ದಳು.

"ಇರ್ಲಿ, ಬರೂ ವಾರ," ಎಂದಳು. ಗಂಟನ್ನು ಬಿಚ್ಚಲು ಮಾತ್ರ ಬಿಡಲಿಲ್ಲ.

ಗೇರ್‌ಬಾಕ್ಸ್ ಬಂದ ಸುದ್ದಿ ತಿಳಿದ ಕೂಡಲೇ ರಜೆ ಹಾಕಿ ಬೀದರಕ್ಕೆ ಹೋಗಿ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತೆ. ಎಂಜಿನ್ನನ್ನು ಸರಪಳಿಯಿಂದ ತೂಗುಹಾಕಿ, ಕೆಳಗಿನಿಂದ ಜಾಕಿನ ಮೇಲೆ ಗೇರ್‌ಬಾಕ್ಸ್ ಏರಿಸಿದರು. ಎರಡರ ನಡುವೆ ಮುಚ್ಚಿದ ಹಂಡೆಯಂಥ ಒಂದು ದುಂಡನೆಯ ಭಾಗ ಇರುತ್ತದೆ. ಅದಕ್ಕೆ ಕನ್ವರ್ಟರ್ ಎನ್ನುತ್ತಾರೆ. ಕೂಡಿಸುವಾಗ ಕೊನೆಗೆ ಬೆರಳಷ್ಟು ಸಂದು ಉಳಿಯಿತು.

"ಕೂಡ್ವಲ್ದಲ್ಲರಿ?" ಎಂದೆ.

"ಕೂಡ್ತದರಿ. ಬೋಲ್ಟ್ ಬಿಗಿದ್ರ ತಾನೇ ಬರ್ತದ. ಎಲ್ಲಾ ಗಾಡೀಗೂ ಹಿಂಗೇ ಎಳ್ಕೋತೀವಿ."

ಬೋಲ್ಟುಗಳನ್ನು ಒಂದೊಂದಾಗಿ ಬಿಗಿದರು. ಸಂದು ಮುಚ್ಚಿತು. ನನಗೂ ಸಮಾಧಾನವಾಯಿತು. ಎಣ್ಣೆ ತುಂಬಿ ಚಾವಿ ತಿರುಗಿಸಿದರು. ಒಳಗೆ ಕಬ್ಬಿಣದ ತಟ್ಟೆ ಒಡೆದಂಥ ಸದ್ದು. ಮಿಸ್ತ್ರಿ ಬಂದ್ ಮಾಡುವಷ್ಟರಲ್ಲಿ ಸಿಮೆಂಟಿನ ನೆಲದ ಮೇಲೆ ಕೆಂಪು ಎಣ್ಣೆ ಹರಿದು ನನ್ನ ಕುರ್ಚಿಯ ಕಾಲವರೆಗೆ ಬಂದಿತು. ಆ ಎಣ್ಣೆಯ ಬಣ್ಣವೇ ಕೆಂಪು ಎಂದು ನನಗೆ ಗೊತ್ತಿರಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡೆ.

ಮಿಸ್ತ್ರಿ ಹೈದರಾಬಾದಿಗೆ ಫೋನ್ ಮಾಡಿ ಬಹಳ ಹೊತ್ತು ವಿಚಾರಿಸಿದರು. ಕಡೆಗೆ ತಾವು ಮಾತನಾಡುವುದನ್ನು ಬಿಟ್ಟು ಅತ್ತಲಿನವರು ಹೇಳಿದ್ದನ್ನು ಕೇಳಿಸಿಕೊಂಡು ನನಗೂ ತಿಳಿಸಿದರು. ಕನ್ವರ್ಟರನ್ನು ಮೊದಲು ಕೈಯಿಂದ ತಿರುಗಿಸುತ್ತ ಒಳಗೆ ಪೂರ್ತಿ ಕೂರಿಸಬೇಕು. ಸಂದು ಉಳಿದಿದ್ದರೆ ಅದು ಕೂತಿಲ್ಲವೆಂದೇ ಅರ್ಥ. ಬೋಲ್ಟಿನಿಂದ ಎಳೆದರೆ ಒಳಗಿನ ಎಣ್ಣೆ ಪಂಪು ಒಡೆಯುತ್ತದೆ. ಕ್ಲಚ್ ಇರುವ ಗಾಡಿಗಳಲ್ಲಿ ಮೊದಲಿನಿಂದ ಮಾಡಿಕೊಂಡು ಬಂದ ಕೈಯ ರೂಢಿ ಇಲ್ಲಿ ನಡೆಯಲಿಲ್ಲ.

"ಮೇಡಂ, ತಪ್ಪು ನಂದೇ ಅದ," ಎಂದು ಅವರು ಟೈರಿನ ಮೇಲೆ ಕುಳಿತರು. "ಇನ್ನೊಂದು ಹುಡಕ್ಲಾಕ ಹೇಳೀನಿ. ಯಾವಾಗ ಸಿಗ್ತದೋ ಹೇಳ್ಲಾಕ ಬರಂಗಿಲ್ಲ."

ಮರುದಿನ ಭಾವನಿಂದ ಫೋನ್ ಬಂದಿತು. ಅವರು ಮಿತಭಾಷಿ. "ಊಟ ಬಿಟ್ಟಾಳ. ಬರೂದಿದ್ರ ಲಗೂನ ಬರ್ರಿ. ಗಂಟು ಮಾತ್ರ ಹಂಗೇ ಇಟ್ಕೊಂಡಾಳ," ಎಂದರು.

ಇದನ್ನು ಮಿಸ್ತ್ರಿಗೆ ತಿಳಿಸಿದೆ. ಅವರು ತಲೆ ತಗ್ಗಿಸಿಕೊಂಡೇ ಒಂದು ಸಲಹೆ ಕೊಟ್ಟರು. ಇದೇ ಮಾದರಿಯ ಕಾರಿನ ಕ್ಲಚ್ ಇರುವ ಗೇರ್‌ಬಾಕ್ಸು, ಪೆಡಲು ಎಲ್ಲವೂ ಬೀದರದಲ್ಲಿಯೇ ಗುಜರಿಯಲ್ಲಿ ಇವೆ. ಅದನ್ನು ಹಾಕಿದರೆ ಶನಿವಾರದೊಳಗೆ ಗಾಡಿ ಎದ್ದು ನಿಲ್ಲುತ್ತದೆ.

"ನನಗ ಅದನ್ನ ಹೊಡ್ಯಾಕ ಬರಂಗಿಲ್ಲಲ್ಲರಿ."

"ನಾ ಹೊಡೀತೇನಿ ಮೇಡಂ. ನಿಮ್ಮ ಅಕ್ಕಾರ್ನ ನಾ ಕರ್ಕೊಂಡು ಬರ್ತೇನಿ. ಗಾಡಿ ಅಂತೂ ನಿಮ್ದೇ ಇರ್ತದಲ್ಲ?"

ಇನ್ನೊಂದು ಆಟೋಮೆಟಿಕ್ ಗೇರ್‌ಬಾಕ್ಸಿಗೆ ಕಾದು ಕುಳಿತರೆ ಅಕ್ಕ ಕಾಯುವಳೆಂಬ ಭರವಸೆ ಇರಲಿಲ್ಲ. ಒಪ್ಪಿಕೊಂಡೆ. ಇರುವ ಎರಡು ಪೆಡಲುಗಳ ಎಡಕ್ಕೆ ಮೂರನೆಯದನ್ನು ಕೂರಿಸುವುದನ್ನು ನಿಂತು ನೋಡಿದೆ. ಕಾರು ಇದ್ದಲ್ಲಿಯೇ ಇತ್ತು. ಅದರ ಬಾಗಿಲಿಗೆ ನಾನೇ ಹೊರಗೆ ನಿಂತು ಕೀಲಿ ಹಾಕಿಕೊಂಡಂತೆ ನನಗೆ ಅನಿಸಿತು.

ಭಾನುವಾರ ಬೆಳಿಗ್ಗೆ ಮಿಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭಾಲ್ಕಿಗೆ ಬಂದರು. ನಾನು ಅವರ ಪಕ್ಕದ ಸೀಟಿನಲ್ಲಿ ಕುಳಿತೆ. ಅಕ್ಕನಿಗೆಂದು ಇಟ್ಟಿದ್ದ ಸೀಟು ಅದು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿದ ಜಾಗ ದಾಟಿದೆವು. ಔರಾದಿನ ಓಣಿಯ ತಿರುವಿನಲ್ಲಿ ಅವರು ಗೇರು ಇಳಿಸಿದರು. ಕಾರು ಎಲ್ಲ ಕಾರುಗಳ ಹಾಗೆ ಗುರ್ರೆಂದು ಏರು ಹತ್ತಿತು.

ಒಳಗೆ ಹೋದಾಗ ಒಲೆಯ ಮೇಲೆ ನೀರು ಇಟ್ಟಿರಲಿಲ್ಲ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಅಕ್ಕಾ, ಬಂದೀನಿ. ಗಾಡಿ ತಂದೀನಿ."

ಅವಳು ನಿಧಾನವಾಗಿ ಹೊರಳಿದಳು. "ಯಾರ ಗಾಡಿ?"

"ನಂದೇ."

"ನಿಂದಲ್ಲ. ನಿಂದು ಏರಿನ್ಯಾಗ ಸಪ್ಪಳ ಮಾಡಂಗಿಲ್ಲ." ಉಸಿರು ತೆಗೆದುಕೊಂಡಳು. "ಯಾರು ಹೊಡ್ಕೊಂಡು ಬಂದ್ರು?"

ಹೇಳಿದೆ. ಫ್ಯೂಸಿನಿಂದ ಹಿಡಿದು ಮೂರನೆಯ ಪೆಡಲಿನವರೆಗೆ, ಬಿಡದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬಾ ಅಕ್ಕಾ. ಹಿಂದಿನ ಸೀಟಿನ್ಯಾಗ ಇಬ್ರೂ ಕುಂದ್ರೂಣು. ನನ್ನ ತೊಡಿ ಮ್ಯಾಲ ತಲಿ ಇಟ್ಕೊ."

"ನಾ ನಿನ್ನ ಹೊತ್ತಾಗ ಯಾರನ್ನರೆ ಕರದಿದ್ನೇನು?" ಎಂದಳು. ನನ್ನ ಮುಖ ನೋಡಿ ಕೂಡಲೇ ಬಲಗೈ ಚಾಚಿದಳು. "ಸಿಟ್ಟಲ್ಲ ಖೋಡಿ. ಆ ವಾರ ಆಗಿದ್ರ ಬರ್ತಿದ್ದೆ. ಈಗ ಹೊಸ್ತಿಲಾ ದಾಟ್ಲಾಕೂ ಆಗಂಗಿಲ್ಲ." ಭಾವನ ಕಡೆ ನೋಡಿ, "ಹೊರಗಿದ್ದವ್ರಿಗಿ ಚಹಾ ಕೊಡ್ರಿ," ಎಂದಳು.

ಭಾವ ನೀರು ಕಾಯಿಸಿದರು. ಎದ್ದು ಕೂರಲು ಆಗದ ಕಾರಣ ಅವಳ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅವಳ ಎಡಗೈಯನ್ನು ಎತ್ತಿ ಹಿಡಿದೆ. ಅಂಗೈಯಲ್ಲಿ ಲಿಂಗವಿಟ್ಟೆ. ನೀರೆರೆಯಲು ಬಲಗೈಗೂ ಅಂದು ಶಕ್ತಿ ಇರಲಿಲ್ಲ. ಅದನ್ನೂ ನಾನೇ ಹಿಡಿದು ಎರೆದೆ. ಹೊರಗೆ ಮಿಸ್ತ್ರಿ ಚಹಾ ಮುಟ್ಟದೆ ಕಾರಿನ ಬಳಿ ನಿಂತಿದ್ದರು.

ಮುಂದಿನ ಭಾನುವಾರಕ್ಕೆ ಮೊದಲೇ ಅಕ್ಕ ಲಿಂಗೈಕ್ಯಳಾದಳು. ಅವಳನ್ನು ಮಣ್ಣು ಮಾಡುವ ದಿನವೂ ಅದೇ ಕಾರಿನಲ್ಲಿ, ಅದೇ ಸೀಟಿನಲ್ಲಿ ಹೋದೆ. ಭಾವ ಆ ಗಂಟನ್ನು ನನಗೆ ಕೊಟ್ಟರು. ಅದು ಭಾಲ್ಕಿಯ ಮನೆಯ ಹಿಂಬಾಗಿಲ ಕೋಣೆಯಲ್ಲಿ ಮಂಚದ ಮೇಲೆ ಇದೆ.

ಹೈದರಾಬಾದಿನಲ್ಲಿ ಇನ್ನೊಂದು ಆಟೋಮೆಟಿಕ್ ಸಿಕ್ಕಿದೆ, ನನ್ನ ಖರ್ಚಿನಲ್ಲಿಯೇ ಹಾಕಿಕೊಡುತ್ತೇನೆ, ಈ ಸಲ ಸಂದು ಉಳಿಸುವುದಿಲ್ಲ ಎಂದು ಮಿಸ್ತ್ರಿ ಹೇಳಿ ಕಳಿಸಿದ್ದಾರೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಕೊಡಬೇಕೆಂದು ತಿಳಿದಿದೆ. ಆದರೆ ಭಾನುವಾರ ಹೋಗುವುದಕ್ಕೆ ಊರು ಯಾವುದೆಂದು ತಿಳಿಯದಾಗಿದೆ.

ಮೇಲ್ಕಂಡ ಬರಹದಲ್ಲಿ ಯಂತ್ರದ ವಿವರ ತಪ್ಪಾಗಿದ್ದಲ್ಲಿ ಬಲ್ಲವರು, ಅಕ್ಷರ ತಪ್ಪಾಗಿದ್ದಲ್ಲಿ ಓದಿದವರು, ದಯವಿಟ್ಟು ತಿದ್ದಿಕೊಡಬೇಕಾಗಿ ಕೈಮುಗಿದು ಕೋರುತ್ತೇನೆ.