ಮೇಲಿರಬೇಕಾದ ಕಂಬಿ

ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆಯ ಕಚೇರಿಯಲ್ಲಿ ಕೂರುವ ಎಂಜಿನಿಯರಮ್ಮನಿಗೆ ಬೀದಿಯವರು ಇಟ್ಟ ಹೆಸರು ಬೇಡಕ್ಕ. ಅಡುಗೆಮನೆಯ ಗೋಡೆ ಒಡೆದು ಹಾಲ್ ದೊಡ್ಡದು ಮಾಡಬಹುದಾ ಎಂದು ಕೇಳಿದರೆ ಅವಳ ಬಾಯಿಂದ ಮೊದಲು ಬರುವ ಮಾತೇ "ಬೇಡ". ಆಮೇಲೆ ಸ್ವತಃ ಬಂದು, ಆ ಗೋಡೆಯ ನೆತ್ತಿಗೆ ಇನ್ನೊಂದು ಗೋಡೆ ಕೂತಿದೆಯೇ, ಭಾರ ಯಾವ ಕಡೆಗೆ ಇಳಿಯುತ್ತದೆ ಎಂದು ನೋಡಿ, ಹತ್ತರಲ್ಲಿ ನಾಲ್ಕು ಸಲ, "ಒಡೀರಿ, ಆದ್ರೆ ಮೊದ್ಲು ಉಕ್ಕಿನ ತೊಲೆ ಕೂರ್ಲಿ" ಅನ್ನುತ್ತಾಳೆ. ಉಳಿದ ಆರು ಸಲ ಬ್ರಹ್ಮ ಬಂದು ಹೇಳಿದರೂ ಒಪ್ಪುವವಳಲ್ಲ.

ಅವಳು ನಕ್ಷೆ ಮಾಡಿದರೆ ಕಟ್ಟುವವನು ಅವಳ ತಮ್ಮ. ಕೆಲಸದಲ್ಲಿ ಪಳಗಿದ ಕೈ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ಇಬ್ಬರಿಗೂ ಇರುವುದು ಒಂದೇ ಜಗಳ. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಕಂಬಿ ನೋಡಿ ಸಹಿ ಹಾಕಿದ ಅಕ್ಕ, ಮರುದಿನ ಬೆಳಿಗ್ಗೆ ಮತ್ತೆ ಬಂದು ನೋಡುತ್ತಾಳೆ. ತನ್ನ ಮೇಲೆ ನಂಬಿಕೆಯಿಲ್ಲದೆಯೇ ಹೀಗೆ ಮಾಡುತ್ತಾಳೆಂದು ಅವನ ಲೆಕ್ಕ.

ಹೊಸ ಮನೆಯೊಂದರ ಬಾಲ್ಕನಿ ಹಾಕುವ ದಿನ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಕಾಂಕ್ರೀಟ್ ಲಾರಿ ಗೇಟಿನ ಹತ್ತಿರ ಗರಗರ ತಿರುಗುತ್ತ ನಿಂತಿತ್ತು. ಅವಳು ನೇರ ಬಾಲ್ಕನಿಯ ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಕಂಬಿಯ ಕೆಳಗೆ ಬೆರಳು ತೂರಿಸಿದಳು. ಬೆರಳು ಹೋಗಲಿಲ್ಲ. ಕಾಂಕ್ರೀಟ್ ಹರಿಸುವ ಪೈಪು ಎಳೆದಾಡುತ್ತ ಕೆಲಸದವರು ಬೆಳಗಿನಿಂದ ತುಳಿದ ತುಳಿತಕ್ಕೆ ಮೇಲಿದ್ದ ಕಂಬಿಯೆಲ್ಲ ತಳಕ್ಕೆ ಮಲಗಿತ್ತು.

ಬಾಲ್ಕನಿಗೆ ಕೆಳಗೆ ಕಂಬವಿಲ್ಲ. ಮನೆಯನ್ನು ಕಚ್ಚಿಕೊಂಡು ಹೊರಗೆ ಚಾಚಿರುತ್ತದೆ. ಜನ ನಿಂತಾಗ ಅದರ ಮೇಲ್ಮೈ ಬಿರಿಯಲು ನೋಡುತ್ತದೆ. ಅದನ್ನು ಬಿಗಿಹಿಡಿಯುವುದು ಮೇಲಿನ ಕಂಬಿಯೇ. ತಳದಲ್ಲಿದ್ದರೆ ಅದು ಇದ್ದೂ ಇಲ್ಲದ ಹಾಗೆ.

"ಹಾಕ್ಬೇಡ," ಅಂದಳು.

"ಅಕ್ಕಾ, ನಿನ್ನೆ ನೀನೇ ಸಹಿ ಹಾಕಿದ್ದೀಯ."

"ಹಾಕಿದ್ದು ನಿನ್ನೆ ಇದ್ದ ಕಂಬಿಗೆ ಕಣೋ. ಇದಕ್ಕಲ್ಲ."

"ಕೆಲಸದೋರ ಮುಂದೆ ನನ್ನ ಮಾನ ಕಳೀಬೇಡ. ಲಾರಿ ಹಿಂದಕ್ಕೆ ಕಳಿಸ್ಲಾ?"

"ಯಾಕೆ ಕಳಿಸ್ತೀಯ? ಹಿತ್ತಲಲ್ಲಿ ಕಾಂಪೌಂಡಿನ ಪಾಯ ತೋಡಿಟ್ಟಿದ್ದೀಯಲ್ಲ, ಅಲ್ಲಿಗೆ ಸುರಿಸು. ಮಧ್ಯಾಹ್ನಕ್ಕೆ ಇನ್ನೊಂದು ಲಾರಿ ಹೇಳು."

ಅವನು ಹಲ್ಲು ಕಚ್ಚಿಕೊಂಡು ಹೇಳಿದಂತೆ ಮಾಡಿದ. ಕಂಬಿಯನ್ನು ಎತ್ತಿ, ಅಡಿಯಲ್ಲಿ ಕಂಬಿಯನ್ನೇ ಬಗ್ಗಿಸಿದ ಕುರ್ಚಿಯಂಥ ಪುಟ್ಟ ಆಸರೆಗಳನ್ನು ಒತ್ತೊತ್ತಾಗಿ ಕಟ್ಟಿಸಿ, ಓಡಾಡಲು ಹಲಗೆ ಹಾಸಿಸಿದ. ಮೂರು ಗಂಟೆಗೆ ಕಾಂಕ್ರೀಟ್ ಬಿತ್ತು.

ಕೈ ತೊಳೆಯುವಾಗ ಅವನೇ ಬಾಯಿಬಿಟ್ಟ. "ಹೋದ ವರ್ಷ ನಿನ್ನ ಕಾಲು ಮುರಿದಿತ್ತಲ್ಲ, ಮೇಷ್ಟ್ರ ಮನೆ ಬಾಲ್ಕನಿ ಹಾಕಿದಾಗ. ಬೆಳಿಗ್ಗೆ ನಾನು ಕಂಬಿ ನೋಡ್ಲೇ ಇಲ್ಲ ಅಕ್ಕ. ಎಲ್ಲಾ ಸರಿ ಇದೆ ಅಂತ ನಿಂಗೆ ಫೋನ್ ಮಾಡ್ಬಿಟ್ಟೆ."

ಬೇಡಕ್ಕ ಕೈಕಟ್ಟಿ ಕೂರುವ ಪೈಕಿ ಅಲ್ಲ. "ಮಲಗಿದ ಕಡೆಯಿಂದ್ಲೇ ಹೂಂ ಅಂದೋಳು ನಾನು. ಅರ್ಧ ತಪ್ಪು ನಂದು. ಜಾಕ್ ಎಷ್ಟಿದೆ ನಿನ್ಹತ್ರ?"

"ಎಂಟು."

"ಎಂಟೂ ಗಾಡಿಗೆ ಹಾಕು. ಈಗ್ಲೇ ಹೋಗೋಣ."

ಮೇಷ್ಟ್ರ ಹೆಂಡತಿ ಅದೇ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ತಮ್ಮ ಕೆಳಗಿನಿಂದಲೇ, "ಅಮ್ಮಾ, ಬಕೆಟ್ಟು ಅಲ್ಲೇ ಬಿಟ್ಟು ಮೆಲ್ಲಗೆ ಒಳಗೆ ಹೋಗಿ," ಅಂದ. ಅವರು ನಕ್ಕು ಒಳಗೆ ಹೋದರು. ಒಂದು ಗಂಟೆಯಲ್ಲಿ ಎಂಟು ಜಾಕುಗಳು, ತಿರುಗಿಸಿ ಎತ್ತರಿಸುವ ಉಕ್ಕಿನ ಕಂಬಗಳು, ಬಾಲ್ಕನಿಯ ಅಡಿಗೆ ಆಸರೆಯಾಗಿ ನಿಂತವು. ಮೇಷ್ಟ್ರಿಗೆ ವಿಷಯ ತಾನು ಹೇಳುತ್ತೇನೆಂದು ಅಕ್ಕ ಹೊರಟರೆ ತಮ್ಮ ಅವಳ ತೋಳು ಹಿಡಿದು ನಿಲ್ಲಿಸಿದ. ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುವುದೆಂದು ಗೊತ್ತಿದ್ದೂ ತಾನೇ ಎಲ್ಲ ಹೇಳಿದ. ಅಕ್ಕನಿಗೆ ಅವನ ಮೇಲೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಗೋಡೆಯ ಪಕ್ಕದಲ್ಲಿ ಮೇಲಿನಿಂದ ಎರಡು ಕಡೆ ಕೊರೆದು ನೋಡಿದರು. ಕಂಬಿ ತಳದಲ್ಲಿ ಸಿಕ್ಕಿತು. ಅಕ್ಕ ಅಳತೆಪಟ್ಟಿ ಮಡಚಿ ತಲೆ ಎತ್ತುವಷ್ಟರಲ್ಲಿ ತಮ್ಮ ಮೇಷ್ಟ್ರ ಕಡೆ ತಿರುಗಿ ಹೇಳಿದ: "ನಾಳೆಯಿಂದ ಒಡೀತೀನಿ ಸಾರ್. ಹೊಸದು ಹಾಕೋ ದಿನ ಬೆಳಿಗ್ಗೆ, ನನ್ನ ಪಕ್ಕದಲ್ಲಿ ನೀವೂ ಕೂತು ಕಂಬಿ ಮುಟ್ಟಿ ನೋಡ್ಬೇಕು."