ಎಡಗೈ ಹೆಬ್ಬೆಟ್ಟು

ದೊಡ್ಡವ್ವನ ಎಡಗೈ ಹೆಬ್ಬೆರಳು ಹತ್ತಿ ಬಿಡಿಸಿ ಬಿಡಿಸಿ ಸೀಳಿಹೋಗಿತ್ತು. ಆ ಸೀಳಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಕಚೇರಿಗಳ ಮಸಿ ಕೂತುಬಿಟ್ಟಿತ್ತು, ಎಷ್ಟು ತಿಕ್ಕಿದರೂ ಹೋಗದು. ನೆಲೋಗಿ ಕಡೆಯ ನಮ್ಮೂರಿನ ಓಣಿಗೆಲ್ಲ ಅವಳು ದೊಡ್ಡವ್ವ. ದಿನಕ್ಕೊಮ್ಮೆಯಾದರೂ ನನ್ನನ್ನು ಬೈಯದೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ.

ಓಣಿಗೊಂದು ಬೋರಿಂಗ್ ಬೇಕಿತ್ತು. ಗೌಡರ ಬಾವಿಯ ಬಳಿ ನಮ್ಮ ಹೆಂಗಸರು ಕೊಡ ಹಿಡಿದು, ಅವರಿಗೆ ಮನಸ್ಸು ಬರುವ ತನಕ ಕಾಯಬೇಕಿತ್ತು. ಮೊದಲೆಲ್ಲ ಪಂಚಾಯತಿ ಮೆಂಬರು ಯಾರೆಂಬುದು ಗುಡಿಕಟ್ಟೆಯ ಮೇಲೇ ತೀರ್ಮಾನ. ಗೌಡರು ಹೆಸರು ಹೇಳಿದರೆ ಗಂಡಸರು ಕೈ ಎತ್ತಿದರಾಯಿತು. ಮಂಡಲ ಪಂಚಾಯತಿ ಬಂದು, ಹೆಂಗಸರಿಗೂ ಸೀಟು, ಮರೆಯಲ್ಲಿ ಚೀಟಿಯ ಗುರುತಿನ ಮೇಲೆ ಸಿಕ್ಕಾ ಒತ್ತುವ ವೋಟು ಎಂದಾಗ ದೊಡ್ಡವ್ವ ಗೌಡರ ಸೊಸೆಯ ಎದುರು ನಿಂತೇಬಿಟ್ಟಳು. ಮರುದಿನದಿಂದ ಯಾರ ಹೊಲದಲ್ಲೂ ಅವಳಿಗೆ ಕೂಲಿ ಸಿಗಲಿಲ್ಲ.

ಅವಳ ಗುರುತು ಏಣಿ. ಗೋಡೆಗೆ ಇದ್ದಲಿಯಿಂದ ಏಣಿ ಬರೆದು, ಕೊಯ್ದ ಬೆಂಡೆಕಾಯಿಯನ್ನು ಕುಂಕುಮದ ನೀರಿಗೆ ಅದ್ದಿ, ಹೆಂಗಸರಿಂದ ಸಿಕ್ಕಾ ಒತ್ತಿಸಿ ಕಲಿಸಿದಳು. “ಒಳಗ ನಿನ್ನ ಗಂಡನೂ ಇರಂಗಿಲ್ಲ, ಗೌಡನೂ ಇರಂಗಿಲ್ಲ. ಹೆದರಬ್ಯಾಡ ಬೇ” ಎನ್ನುತ್ತಿದ್ದಳು.

ಎಣಿಕೆಗೆ ಜೇವರ್ಗಿಗೆ ದೊಡ್ಡವ್ವನ ಜೊತೆ ಅವಳ ಏಜೆಂಟಾಗಿ ನಾನೇ ಹೋಗಿದ್ದೆ. ಏಣಿಗೆ ಬಿದ್ದ ಚೀಟಿಗಳೇ ಹೆಚ್ಚಿದ್ದವು. ಆದರೆ ಅಧಿಕಾರಿ ಅವುಗಳಲ್ಲಿ ಎಷ್ಟನ್ನೋ ಪಕ್ಕಕ್ಕಿಟ್ಟರು. ಸಿಕ್ಕಾದ ಜೊತೆಗೆ ನಮ್ಮ ಹೆಂಗಸರು, ಚೀಟಿ ಕೊಡುವಾಗ ಬೆರಳಿಗೆ ಹಚ್ಚಿದ ಮಸಿಯಲ್ಲೇ ಹೆಬ್ಬೆಟ್ಟನ್ನೂ ಒತ್ತಿದ್ದರು. ಸರಕಾರಿ ಕಾಗದಕ್ಕೆ ಹೆಬ್ಬೆಟ್ಟು ಬೀಳದಿದ್ದರೆ ಅದು ನಡೆಯದು ಎಂದೇ ತಿಳಿದವರು, ವೋಟು ಗಟ್ಟಿಯಾಗಲೆಂದು ಒತ್ತಿದ್ದರು. ವೋಟು ಯಾರದೆಂದು ಗೊತ್ತಾಗುವ ಗುರುತಿದ್ದರೆ ಅದು ರದ್ದು, ಗುಟ್ಟಿನ ವೋಟಿಗೆ ಇದೇ ಕಾನೂನು ಎಂದರು ಅಧಿಕಾರಿ.

“ಎಲ್ಲಾ ಕಚೇರ್ಯಾಗ ನೀವೇ ಹೆಬ್ಬೆಟ್ಟು ಒತ್ತಿಸ್ಕೊಂಡೀರಿ ಸಾಹೇಬ್ರ. ಈಗ ಒತ್ತಿದ್ದು ತಪ್ಪಾತೇನ್ರಿ?” ಎಂದು ಕೇಳಿದಳು ದೊಡ್ಡವ್ವ. ಅವರು ಆ ಚೀಟಿಗಳನ್ನು ಬೇರೆ ಕಟ್ಟು ಕಟ್ಟಿ ಮೇಲೆ ರದ್ದು ಎಂದು ಬರೆದರು. ಗೌಡರ ಸೊಸೆ ಗೆದ್ದಳು.

ಬಸ್ಸಿನಲ್ಲಿ ದೊಡ್ಡವ್ವ ಆ ಬೆರಳನ್ನೇ ನೋಡುತ್ತ ಕೂತಿದ್ದಳು. “ಅದೊಂದು ಹೇಳ್ಲಿಲ್ಲ ನಾ” ಎಂದಳು.

ಓಣಿಯ ಹೆಂಗಸರು ಅತ್ತರು. ಬೈಯುವುದೇ ಬಾಳಾಗಿದ್ದವಳು ಅವರನ್ನು ಮಾತ್ರ ಬೈಯಲಿಲ್ಲ. ಮತ್ತೆ ಬೆಂಡೆಕಾಯಿ ಕೊಯ್ದಳು. ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡು ಬಲಗೈಯಲ್ಲಿ ಒತ್ತುವುದನ್ನು ಕಲಿಸಿದಳು. ಮುಂದಿನ ಚುನಾವಣೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಕೂಲಿಯಿಲ್ಲದೆ ಸೊರಗಿ ಹಾಸಿಗೆ ಹಿಡಿದವಳು, ನಾನು ಹೋದಾಗಲೆಲ್ಲ ವೋಟು ಯಾವಾಗ ಎಂದು ಕೇಳುತ್ತಿದ್ದಳು. ಹಾಗೆ ಕೇಳುತ್ತಲೇ ತೀರಿಹೋದಳು.

ಕೊನೆಗೂ ವೋಟು ಬಂತು. ನಮ್ಮ ಓಣಿಯ ಹೆಂಗಸರೆಲ್ಲ ಎಡಗೈ ಮುಷ್ಟಿ ಬಿಗಿದು ಸಾಲಿನಲ್ಲಿ ನಿಂತಿದ್ದರು. ನಾನೂ ಹಾಗೇ ನಿಂತಿದ್ದೆ. ಮರೆಗೆ ಹೋಗಿ ಚೀಟಿ ಬಿಡಿಸಿದೆ. ಅದರಲ್ಲಿ ಏಣಿ ಇರಲಿಲ್ಲ.