ಕುಸುಬಿ ಎಣ್ಣೆಯ ತೇಪೆ

ಕೊಳೆತ ಮೀನಿಗಿಂತ ಹೇಸಿಗೆಯ ವಸ್ತು ಲೋಕದಲ್ಲಿಲ್ಲ ಎಂದು ನಂಬಿದ್ದೆ, ಫೈಬರ್ ದೋಣಿಗೆ ತೇಪೆ ಹಾಕುವವರೆಗೆ. ಈಗ ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ಮೂಗು ಮುಚ್ಚಿಕೊಂಡು ಯೋಚಿಸಬೇಕಾಗುತ್ತದೆ.

ನಮ್ಮ ಕಾಕಾ ತಂಬೂರದ ಕೆರೆಯಲ್ಲಿ ಮೀನು ಹಿಡಿಯುತ್ತಾನೆ. ಹಿಂದಿನ ಸಂಜೆ ಕೆರೆಯ ನಡುವೆ ಬಲೆ ಬಿಟ್ಟಿದ್ದೆವು. ಬೆಳಗ್ಗೆ ಅದನ್ನು ಎತ್ತಲು ಹೊರಟಾಗ, ನೀರೊಳಗಿನ ಜಾಲಿಯ ಬೊಡ್ಡೆಗೆ ಬಡಿದು ದೋಣಿಯ ತಳದಲ್ಲಿ ಅಂಗೈಯಗಲ ತೂತು ಬಿತ್ತು. ಕೆರೆಗೆ ಇದ್ದದ್ದು ಅದೊಂದೇ ದೋಣಿ. ಬಲೆ ತುಂಬ ಮೀನು ನಡುನೀರಿನಲ್ಲಿ. ಆ ಬಿಸಿಲಿಗೆ, ಇಳಿಹೊತ್ತಿನೊಳಗೆ ಎತ್ತದಿದ್ದರೆ ಕಾಕಾನ ಮೀನೆಲ್ಲ ಕೊಳೆತುಹೋಗುತ್ತಿತ್ತು.

ದೋಣಿಯನ್ನು ಟ್ರ್ಯಾಕ್ಟರಿನಲ್ಲಿ ಮನೆಯಂಗಳಕ್ಕೆ ತಂದು ಹಾಕಿ, ನಾನು ಹುಬ್ಬಳ್ಳಿಗೆ ಓಡಿ ತೇಪೆಯ ಸಾಮಾನು ತಂದೆ. ಅಂಗಡಿಯವನು ಮೂಗಿನಲ್ಲಿ ಮಾತಾಡುವವನು. ಕಂಡವರ ದನಿಯನ್ನೆಲ್ಲ ಅಣಕಿಸುವ ನನಗೆ ಹಬ್ಬ. ಬಂದವನೇ ಕಾಕಾನ ಮುಂದೆ ಅವನ ದನಿ ತೆಗೆದೆ: “ಚಲೋತ್ನಾಗ ತಿಕ್ರಿ. ಎಣ್ಣಿ, ನೀರು ಹತ್ರ ತರಬ್ಯಾಡ್ರಿ.” ಕಾಕಾ ಕೆಮ್ಮು ಬರುವಷ್ಟು ನಕ್ಕ. ಅವನ ಹೆಂಡತಿ ಕಾಕೂ ಒಲೆ ಬಿಟ್ಟು ಬಂದು ಇನ್ನೊಮ್ಮೆ ಮಾಡಿಸಿದಳು. ದನಿಗೆ ಅಷ್ಟು ಮರ್ಯಾದೆ ಸಿಕ್ಕಿತು. ಮಾತನ್ನು ಯಾರೂ ಕೇಳಲಿಲ್ಲ, ಆಡಿದ ನಾನೂ ಸೇರಿ.

ತೂತಿನ ಸುತ್ತ ಗ್ರೈಂಡರ್ ಹಿಡಿದೆ. ಬಿಳಿ ಧೂಳು ಎದ್ದು ಹಿಟ್ಟಿನ ಗಿರಣಿಯ ದೆವ್ವದಂತಾದೆ. ಅದು ಹಿಟ್ಟಲ್ಲ, ಫೈಬರಿನ ಗಾಜಿನ ಪುಡಿ. ಕುತ್ತಿಗೆ, ಕಂಕುಳು, ಹೇಳಬಾರದ ಜಾಗ, ಎಲ್ಲ ಕಡೆ ಹೊಕ್ಕು ಕಡಿಯತೊಡಗಿತು. ಕೆರೆದಷ್ಟೂ ಒಳಗಿಳಿಯುತ್ತಿತ್ತು. ನಾನು ಗೋಡೆಗೆ ಬೆನ್ನು ತಿಕ್ಕುವುದನ್ನು ನೋಡಿ ಎಮ್ಮೆಗೂ ನಾಚಿಕೆಯಾಗಿರಬೇಕು.

“ಜ್ವಾಳದ ರಾಶಿ ಮಾಡೂಮುಂದ ಏನ್ ಮಾಡ್ತೀವಿ? ಎಣ್ಣಿ ಹಚ್ಕೋಲೇ,” ಎಂದ ಕಾಕಾ, ತಾನೂ ಕೆರೆದುಕೊಳ್ಳುತ್ತ. ರಾಶಿಯ ಧೂಳಿನ ತುರಿಕೆಗೆ ನಮ್ಮ ಮನೆಯಲ್ಲಿ ಅದೇ ಮದ್ದು. ಇಬ್ಬರೂ ಕುಸುಬಿ ಎಣ್ಣೆಯನ್ನು ಕುತ್ತಿಗೆಯಿಂದ ಅಂಗೈವರೆಗೆ ಬಳಿದುಕೊಂಡೆವು. ತುರಿಕೆ ಸ್ವಲ್ಪ ತಗ್ಗಿತು. ಅದೇ ಕೈಯಲ್ಲಿ ತೂತಿನ ಅಂಚು ಸವರಿ, ಗಾಜಿನೆಳೆಯ ಬಟ್ಟೆ ಹಾಸಿ, ಮೇಲೆ ರೆಸಿನ್ ಎಂಬ ಅಂಟು ಸುರಿದು ಒತ್ತಿದೆವು. ಅದರ ನಾತ ಗಂಟಲಿಗಿಳಿದು ಮಧ್ಯಾಹ್ನದ ರೊಟ್ಟಿಯೂ ಪೇಂಟ್ ಡಬ್ಬಿ ತಿಂದಂತೆ ರುಚಿಸಿತು. ನನ್ನ ಎರಡು ಬೆರಳು ಒಂದಕ್ಕೊಂದು ಅಂಟಿದವು. ಮೀಸೆ ಮುಟ್ಟಿದ ಕಾಕಾನಿಗೆ ಅರ್ಧ ಮೀಸೆ ಕತ್ತರಿಸಬೇಕಾಯಿತು.

ಇಳಿಹೊತ್ತಿಗೆ ತೇಪೆ ಕಲ್ಲಾಗಿತ್ತು. ದೋಣಿಯನ್ನು ನೀರಿಗೆ ಇಳಿಸಿ ಕಾಕಾ ಒಳಗೆ ಕಾಲಿಟ್ಟ. ಹಂಚಿನಿಂದ ರೊಟ್ಟಿ ಎದ್ದಂತೆ ತೇಪೆ ಇಡಿಯಾಗಿ ಎದ್ದಿತು. ಅವನು ಅದನ್ನು ಹೆಕ್ಕಿ ಮಗುಚಿದ. ಒಳಮೈ ಜಿಡ್ಡಿನಿಂದ ಹೊಳೆಯುತ್ತಿತ್ತು.

“ಆ ಅಂಗಡಿಯಾಂವ ಏನಂದಿದ್ದ? ಇನ್ನೊಮ್ಮೆ ಅವನ ದನಿ ತಗಿ.”

ತೆಗೆದೆ. “ಚಲೋತ್ನಾಗ ತಿಕ್ರಿ. ಎಣ್ಣಿ...” ಅಲ್ಲಿಗೆ ಮೂಗಿನ ದನಿ ಹೋಗಿ ನನ್ನದೇ ದನಿ ಉಳಿಯಿತು. ಕಾಕಾ ತನ್ನ ಅಂಗೈ ನೋಡಿಕೊಂಡ. ಅದೂ ಹೊಳೆಯುತ್ತಿತ್ತು.

ಮರುದಿನ ಸೋಪಿನಿಂದ ತೊಳೆದು, ಒಣಗಿಸಿ, ಮತ್ತೆ ತಿಕ್ಕಿದೆವು. ಈ ಸಲ ಎಣ್ಣೆಯಿಲ್ಲ. ತುರಿಕೆಯನ್ನು ಹಲ್ಲು ಕಚ್ಚಿ ತಡೆದುಕೊಂಡೆವು. ಸಂಜೆ ದೋಣಿ ಕೆರೆಯ ನಡುವೆ ಹೋಯಿತು, ಒಂದು ಹನಿಯೂ ಸೋರಲಿಲ್ಲ. ಸೋರಿದ್ದರೆ ತಿರುಗಿ ಬರಬಹುದಿತ್ತು.

ಬಲೆ ಎಳೆದೆವು. ಉಬ್ಬಿದ ಹೊಟ್ಟೆಗಳು ಕೈಯಲ್ಲೇ ಒಡೆದವು. ಬೂದು ಲೋಳೆ ಮೊಣಕೈಗೆ ಇಳಿಯಿತು. ಬಲೆಯ ಕಣ್ಣಿಗೊಂದು ಕಳಚಿದ ತಲೆ. ಕಾಕಾ ಒಂದು ಮೀನನ್ನು ತಿರುಗಿಸಿ ಕಿವಿರು ನೋಡಿದ, ಇನ್ನೊಂದನ್ನು ನೋಡಿದ, ಆಮೇಲೆ ನೋಡುವುದನ್ನೇ ಬಿಟ್ಟ. ಅವನ ಮುಖ ಕಂಡು, ನಗಿಸೋಣವೆಂದು, ಮೂಗಿನ ದನಿ ತೆಗೆಯಲು ಬಾಯಿ ತೆರೆದೆ.

“ಬಾಯಿ ಮುಚ್ಚು,” ಎಂದ ಮೆತ್ತಗೆ. “ನೊಣ ಹೊಕ್ಕಾವು.”

ಮುಚ್ಚಿದೆ. ಕುತ್ತಿಗೆ ಕಡಿಯುತ್ತಿತ್ತು. ಕೆರೆಯೋಣವೆಂದರೆ, ಎರಡೂ ಕೈ ಮೊಣಕೈವರೆಗೆ ಆ ಲೋಳೆಯಲ್ಲಿದ್ದವು.